ಎಡಗಾಲು ಮಾತ್ರ ನಿನ್ನದು

ಅವರ ಅಂಗೈಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ಮೂವತ್ತು ವರ್ಷ ಬಾಣಂತಿಯರಿಗೆ ಬಿಸಿನೀರು ಹೊಯ್ದು ಹೊಯ್ದು ಅದು ಹಳೆಯ ಹಿತ್ತಾಳೆ ತಟ್ಟೆಯ ಹಾಗೆ ನುಣ್ಣಗಾಗಿತ್ತು. ಮೊಣಕೈ ಮಾತ್ರ ಚಿಕ್ಕ ಹುಡುಗಿಯದರಂತೆ ಮೃದು. ಹಂಡೆಯ ನೀರಿನ ಹದವನ್ನು ಅವರು ನೋಡುತ್ತಿದ್ದದ್ದು ಆ ಮೊಣಕೈಯಲ್ಲೇ. "ಕೈ ಬೆಂದು ಬೆಂದು ಸುಳ್ಳು ಹೇಳ್ಲಿಕ್ಕೆ ಕಲ್ತಿದೆ. ಅದನ್ನು ನಂಬ್ಲಿಕ್ಕಾಗುದಿಲ್ಲ" ಎನ್ನುತ್ತಿದ್ದರು.

ಬಿಜೈಯ ನಮ್ಮ ಓಣಿಯಲ್ಲಿ ಎಲ್ಲರಿಗೂ ಅವರು ಮೀಯಿಸುವ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡಿದ್ದ. ಬೆಳಿಗ್ಗೆ ಅತ್ತಾವರದಿಂದ ನಡೆದುಕೊಂಡು ಬಂದು, ಸೆರಗು ಬಿಗಿದು, ಒಲೆಗೆ ಬೆಂಕಿ ಹಾಕಿ, ಉರಿ ಹಿಡಿಯದ ಸೌದೆಯನ್ನು ಸೋಮಾರಿ ಅಳಿಯನನ್ನು ಬಯ್ಯುವಂತೆ ಬಯ್ಯುತ್ತಿದ್ದರು. ನಾನು ಹುಟ್ಟಿದಾಗ ನನ್ನನ್ನು ಕಾಲಮೇಲೆ ಮಲಗಿಸಿಕೊಂಡು ಮೀಯಿಸಿದವರೂ ಅವರೇ. ಹಾಗಾಗಿ ಮನೆಯ ಹಿರಿಯರೆದುರು ತಲೆ ಎತ್ತಿ ಮಾತಾಡದಿದ್ದರೂ ನನಗೆ ಮಾತ್ರ ಸಲೀಸಾಗಿ ಏಕವಚನ. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವರ ಬಯ್ಗುಳದ ಅರ್ಧ ರುಚಿ ಹೋಗಿದೆ, ಏನು ಮಾಡುವುದು.

ನನಗೆ ಇಪ್ಪತ್ತೊಂದು. ಚೊಚ್ಚಲ ಗಂಡು ಮಗು, ತವರಿನಲ್ಲಿ ಸುಸೂತ್ರ ಹೆರಿಗೆ. ಮನೆಯವರ ಸಂತೋಷಕ್ಕೆ ಮಿತಿಯಿರಲಿಲ್ಲ. ನನಗೆ ಮಾತ್ರ ಏನೂ ಅನಿಸಲಿಲ್ಲ. ಮಗುವಿನ ಮುಖ ನೋಡಿದರೆ ಯಾರದೋ ಮನೆಯ ಮಗುವನ್ನು ನೋಡಿದ ಹಾಗಿತ್ತು. ಒಂದು ವಾರ ಕಳೆಯುವಷ್ಟರಲ್ಲಿ ಅದು ತಳಮಳವಾಗಿ ತಿರುಗಿತು. ಕೂತರೆ ಏಳಬೇಕು, ಎದ್ದರೆ ಮಲಗಬೇಕು. ಮಗು ನಿದ್ರಿಸಿದರೂ ನನಗೆ ನಿದ್ರೆಯಿಲ್ಲ. ಬಾಣಂತಿ ಕೋಣೆಯ ಮಾಡಿನ ಹೆಂಚುಗಳನ್ನು ಎಣಿಸುತ್ತಿದ್ದೆ, ಲೆಕ್ಕ ತಪ್ಪಿದರೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅಳು ಬಂದರೆ ಅಮ್ಮ "ದೃಷ್ಟಿ" ಎನ್ನುತ್ತಿದ್ದರು. ಸೋದರಮಾವ ಮಂತ್ರಿಸಿದ ನೂಲು ತರಿಸಿ ಕಟ್ಟಿಸಿದರು. ನೂಲು ಕೈಯಲ್ಲಿತ್ತು, ತಳಮಳ ಎದೆಯಲ್ಲಿತ್ತು.

ಎಲ್ಲಕ್ಕಿಂತ ದೊಡ್ಡ ಹೆದರಿಕೆ ನಲವತ್ತನೆಯ ದಿನದ್ದು. ಅಂದು ಸೂತಕ ಕಳೆದು ಬಾಣಂತಿ ಬಾವಿಗೆ ಹೋಗಿ ನೀರು ಎಳೆಯುವುದು ನಮ್ಮ ಮನೆಯ ಕ್ರಮ. ತಾಯಿ ಒಬ್ಬಳೇ ಬಾವಿಕಟ್ಟೆಯ ಹತ್ತಿರ ನಿಂತು, ಬಗ್ಗಿ, ಮಗುವಿಗೆ ಬಾವಿಯ ನೀರು ತೋರಿಸಬೇಕು. ಉಳಿದವರು ದೂರ ನಿಂತು ನೋಡುತ್ತಾರೆ. ನಾನು ಆ ಬಾವಿಕಟ್ಟೆಯನ್ನು ನೆನೆದಾಗಲೆಲ್ಲ ನನ್ನ ಕೈಗಳು ಬಿಟ್ಟುಬಿಡುವುದೇ ಕಣ್ಣೆದುರು ಬರುತ್ತಿತ್ತು. ಬೇಡ ಬೇಡವೆಂದರೂ ಬರುತ್ತಿತ್ತು. ಇಂಥದ್ದನ್ನು ಹೆತ್ತವಳು ಯಾರ ಹತ್ತಿರ ಹೇಳುವುದು? "ನಲವತ್ತಕ್ಕೆ ಇನ್ನು ಎಷ್ಟು ದಿನ ಉಂಟಮ್ಮಾ?" ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದೆ. ಅಮ್ಮ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. "ಗಂಡನ ಮನೆಗೆ ಓಡ್ಲಿಕ್ಕೆ ಇಷ್ಟು ಅವಸರವಾ? ಸ್ವಲ್ಪ ನಾಚಿಕೆ ಇರ್ಲಿ." ಬಂದ ನೆಂಟರಿಗೂ ಇದನ್ನೇ ಹೇಳಿ ನಗಿಸುತ್ತಿದ್ದರು. ಆ ನಗು ಕೇಳಿದರೆ ನನಗೆ ಕಿರುಚಬೇಕೆನಿಸುತ್ತಿತ್ತು.

ಮೂವತ್ತೊಂದನೆಯ ದಿನ. ಅಮ್ಮ ಒಲೆಗೆ ಹೆಚ್ಚು ಸೌದೆ ನೂಕಿದ್ದು ತಿಳಿಯದೆ ಅಕ್ಕ ಹಂಡೆಯಿಂದ ಮೊಗೆದು ನನ್ನ ಬೆನ್ನಿಗೆ ಹೊಯ್ದರು. ಅಂದು ಮೊಣಕೈ ಇಟ್ಟು ನೋಡಲು ಮರೆತಿದ್ದರು. ಮರುಕ್ಷಣ ಹನಿ ಮೊಣಕೈಗೆ ಸಿಡಿದು ಅವರೇ "ಅಯ್ಯೋ" ಎಂದು ಚೊಂಬು ಬಿಸಾಡಿದರು. ನಾನು ಅಲುಗಾಡಲಿಲ್ಲ.

"ಮಗಾ, ಸುಡುದಿಲ್ವಾ ನಿನಗೆ?"

"ಗೊತ್ತಾಗ್ಲಿಲ್ಲ."

ಅವರು ಬಚ್ಚಲಿನ ಬಾಗಿಲು ಹಾಕಿ ಬಂದು ನನ್ನ ಪಕ್ಕ ಒದ್ದೆ ನೆಲದಲ್ಲೇ ಕೂತರು. ಬೆನ್ನಿಗೆ ತಣ್ಣೀರು ಹಾಕುತ್ತಾ ಮೆಲ್ಲಗೆ ಕೇಳಿದರು, "ಎಂತ ಉಂಟು ನಿನ್ನ ಮನಸ್ಸಲ್ಲಿ, ಹೇಳು." ಅಷ್ಟು ದಿನದಲ್ಲಿ ಎಲ್ಲರೂ ನನಗೆ ಹಾಲು ಬಂತಾ, ಹೊಟ್ಟೆ ಇಳಿಯಿತಾ ಎಂದು ಕೇಳಿದ್ದರು. ಮನಸ್ಸನ್ನು ಕೇಳಿದವರು ಇವರೊಬ್ಬರೇ. ನಾನು ಹೇಳಿಬಿಟ್ಟೆ. ಬಾವಿಯನ್ನು, ಕೈಗಳನ್ನು, ಎಲ್ಲವನ್ನೂ. ಹೇಳಿ ಮುಗಿಸಿ, ಇನ್ನು ಇವರು ಎದ್ದು ಓಡಿಹೋಗುತ್ತಾರೆ ಎಂದು ಕಾದೆ.

ಅವರು ಓಡಲಿಲ್ಲ. "ನನಗೂ ಎರಡನೆಯದ್ದು ಹುಟ್ಟಿದಾಗ ಹೀಗೇ ಆಗಿತ್ತು" ಎಂದರು. "ಬಾಯಿ ಬಿಡ್ಲಿಲ್ಲ ನಾನು. ಕಡೆಗೆ ಹುಚ್ಚಿ ಅಂತ ಹೆಸರಿಟ್ಟು ಕೋಣೆಯಲ್ಲಿ ಹಾಕಿದ್ರು. ಮೂರು ತಿಂಗಳು ಮಗುವಿನ ಮುಖ ತೋರಿಸ್ಲಿಲ್ಲ. ಇದು ನಿನ್ನ ಕೆಟ್ಟತನ ಅಲ್ಲ ಮಾರಾಯ್ತಿ, ಹೆತ್ತ ಮೈಯ ಕಾಯಿಲೆ. ಜ್ವರ ಬಂದ್ರೆ ಹೇಳುದಿಲ್ವಾ? ಹಾಗೇ ಹೇಳ್ಬೇಕು."

"ನೀವೇ ಹೇಳಿ ಅಕ್ಕ."

"ನಾನು ಹೇಳಿದ್ರೆ ಮೀಯಿಸುವವಳ ಚಾಡಿ ಅಂತಾರೆ. ನೀನೇ ಹೇಳು. ನಾನು ಹಿಂದೆ ನಿಲ್ತೇನೆ."

ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ನಾನು ನೇರ ಚಾವಡಿಗೆ ಹೋದೆ. ಸೂತಕದ ಬಾಣಂತಿ ಚಾವಡಿಗೆ ಕಾಲಿಡುವುದೆಂದರೆ ಆ ಮನೆಯಲ್ಲಿ ಆಗದ ಮಾತು. ಅಮ್ಮ "ಮೈಲಿಗೆ, ಮೈಲಿಗೆ" ಎನ್ನುತ್ತಾ ಓಡಿಬಂದರು. ಮನೆಯ ಯಜಮಾನಿಕೆ ಸೋದರಮಾವನದು. ಅವರು ಆರಾಮಕುರ್ಚಿಯಿಂದ ಅರ್ಧ ಎದ್ದು ನಿಂತರು.

"ಮಾವ, ನನಗೆ ಹುಷಾರಿಲ್ಲ. ಮೈಗಲ್ಲ, ಮನಸ್ಸಿಗೆ. ಮಗುವಿನ ಹತ್ತಿರ ನನ್ನನ್ನು ಒಬ್ಬಳನ್ನೇ ಬಿಡಬೇಡಿ. ಬಾವಿಗೆ ಕಳಿಸಬೇಡಿ. ನಾನು ಡಾಕ್ಟರಮ್ಮನ ಹತ್ತಿರ ಹೋಗ್ಬೇಕು."

ಮಾವ ಹೇಳಿದ್ದು ಇಷ್ಟೇ, "ದಿನ ನಿಶ್ಚಯ ಆಗಿದೆಯಲ್ಲ. ನಿನ್ನ ಗಂಡನ ಮನೆಗೂ ಹೇಳಿ ಆಯ್ತು."

ನನ್ನ ಬೆನ್ನ ಹಿಂದಿನಿಂದ ಅಕ್ಕನ ಧ್ವನಿ ಬಂತು. ಮಾವನೆದುರು ಅವರು ಬಾಯಿ ತೆರೆದದ್ದನ್ನು ನಾನು ಕಂಡದ್ದು ಅದೊಂದೇ ಸಲ. "ದಿನ ಇನ್ನೊಂದು ಸಿಗ್ತದೆ ಧಣಿಗಳೇ. ಜೀವ ಸಿಗುದಿಲ್ಲ."

ಮರುದಿನ ಮಾವನೇ ಹೇಳಿಕಳಿಸಿದ ಕುದುರೆಗಾಡಿ ಬಂತು. ಅಮ್ಮ ದಾರಿಯುದ್ದಕ್ಕೂ ಯಾರಾದರೂ ನೋಡಿಯಾರೆಂದು ಗಾಡಿಯ ಪರದೆ ಎಳೆಯುತ್ತಿದ್ದರು, ಅಕ್ಕ ಗಾಳಿ ಬರಲೆಂದು ಸರಿಸುತ್ತಿದ್ದರು. ಹೆಂಗಸರ ಆಸ್ಪತ್ರೆಯ ಡಾಕ್ಟರಮ್ಮ ನನ್ನ ಮಾತನ್ನು ಅರ್ಧಕ್ಕೆ ತಡೆಯದೆ ಕೇಳಿದರು. ಹೆರಿಗೆಯಾದ ಮೇಲೆ ಕೆಲವರಿಗೆ ಹೀಗಾಗುತ್ತದೆ, ಬಂದು ಹೇಳುವವರು ಕಡಿಮೆ, ನೀವು ಬಂದದ್ದು ಒಳ್ಳೆಯದಾಯಿತು ಎಂದರು. ನಿದ್ರೆಗೆ ಔಷಧಿ ಕೊಟ್ಟರು, ರಾತ್ರಿ ಮಗುವನ್ನು ಅಮ್ಮನ ಹತ್ತಿರ ಮಲಗಿಸಲು ಹೇಳಿದರು, ವಾರ ವಾರ ಬರಬೇಕೆಂದರು. ಹಿಂತಿರುಗಿ ಬರುವಾಗ ಅಮ್ಮ ಪರದೆ ಎಳೆಯಲಿಲ್ಲ. ನನ್ನ ಕೈ ಹಿಡಿದುಕೊಂಡು ಅಳುತ್ತಿದ್ದರು.

ಗುಣವಾದದ್ದು ನಿಧಾನವಾಗಿ. ನಲವತ್ತು ದಿನ ಮುಗಿದರೂ ಅಕ್ಕ ಬರುವುದನ್ನು ಬಿಡಲಿಲ್ಲ. ಮಗುವನ್ನು ಕಾಲಮೇಲೆ ಮಲಗಿಸಿಕೊಂಡು, ನಾನು ಬಾಗಿಲಲ್ಲೇ ಅತ್ತಿತ್ತ ಸುಳಿಯುತ್ತಿದ್ದರೆ ಕರೆಯುತ್ತಿದ್ದರು. "ಇಲ್ಲಿ ಬಾ. ಇವತ್ತು ಎಡಗಾಲು ಮಾತ್ರ ನಿನ್ನದು. ಉಳಿದದ್ದೆಲ್ಲ ನನ್ನದು." ನಾನು ಆ ಪುಟ್ಟ ಪಾದಕ್ಕೆ ಎಣ್ಣೆ ಹಚ್ಚಿ ಎದ್ದು ಓಡುತ್ತಿದ್ದೆ. ನಾಲ್ಕು ದಿನದ ಮೇಲೆ ಬಲಗಾಲೂ ನನ್ನದಾಯಿತು. ಆಮೇಲೆ ಕೈಗಳು, ಬೆನ್ನು. ತಲೆಗೆ ಬರುವಾಗ ಎರಡು ತಿಂಗಳಾಗಿತ್ತು. ಒಂದು ದಿನ ಮಗು ನನ್ನ ಬೆರಳು ಹಿಡಿದು ಬಿಡಲಿಲ್ಲ, ನನಗೂ ಬಿಡಿಸಿಕೊಳ್ಳಬೇಕೆನಿಸಲಿಲ್ಲ. "ಇನ್ನು ನನಗೆ ಇಲ್ಲಿ ಕೆಲಸ ಇಲ್ಲ" ಎಂದು ಅಕ್ಕ ಸುಳ್ಳು ಸಿಟ್ಟು ತೋರಿಸಿದರು. ನಾನು ಎಷ್ಟೋ ದಿನಗಳ ಮೇಲೆ ನಕ್ಕೆ.

ಬಾವಿಯ ಕ್ರಮ ನಡೆದದ್ದು ಆರನೆಯ ತಿಂಗಳಲ್ಲಿ, ನಾನೇ ಬಾಯಿಬಿಟ್ಟು ಕೇಳಿದ ಮೇಲೆ. ವಿಧವೆಯರು ಹತ್ತಿರ ಬರುವ ಹಾಗಿರಲಿಲ್ಲ, ಅಕ್ಕ ಸೌದೆ ಕೊಟ್ಟಿಗೆಯ ಬಳಿ ದೂರ ನಿಂತಿದ್ದರು. "ಅವರು ನನ್ನ ಪಕ್ಕಕ್ಕೆ ಬಾರದೆ ನಾನು ಬಾವಿಕಟ್ಟೆ ಮುಟ್ಟುವುದಿಲ್ಲ" ಎಂದೆ. ನೆಂಟರ ಮುಖ ಸಣ್ಣದಾಯಿತು. ಅಮ್ಮನೇ ಹೋಗಿ ಅವರನ್ನು ಕೈಹಿಡಿದು ಕರೆತಂದರು. ಅವರು ನನ್ನ ಸೆರಗಿನ ತುದಿ ಹಿಡಿದು ನಿಂತರು. ನಾನು ಮಗುವನ್ನು ಎದೆಗೆ ಒತ್ತಿಕೊಂಡು ಬಗ್ಗಿ ನೀರು ತೋರಿಸಿದೆ. ನೀರಿನಲ್ಲಿ ನಾವು ಮೂವರೂ ಕಾಣುತ್ತಿದ್ದೆವು.

ಅವರು ತೀರಿಕೊಂಡದ್ದು ಯುದ್ಧದ ಕಾಲದಲ್ಲಿ. ಸುದ್ದಿ ಬಂದಾಗ ನಾನು ತವರಿನಲ್ಲೇ ಇದ್ದೆ, ಮಗನಿಗೆ ಹದಿನಾರು. ನನ್ನ ಅಳು ಕಂಡು ಅವನು ಬೆರಗಾಗಿ, "ಅವರು ನಮಗೆ ಎಂತ ಆಗ್ಬೇಕಮ್ಮಾ?" ಎಂದ. ಅಷ್ಟು ವರ್ಷ ಮುಚ್ಚಿಟ್ಟದ್ದನ್ನು ಅವನಿಗೆ ಹೇಳಿದೆ. ಬಾವಿಯ ಮಾತನ್ನೂ ಬಿಡಲಿಲ್ಲ. ಹೇಳುವಾಗ ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವನು ಗೂಟದಲ್ಲಿದ್ದ ಮೈ ಒರಸುವ ಬೈರಾಸು ಹೆಗಲಿಗೆ ಹಾಕಿಕೊಂಡು, "ಅತ್ತಾವರದಲ್ಲಿ ಅವರ ಮನೆ ಎಲ್ಲಿ?" ಎಂದು ಕೇಳಿ ಹೊರಟ.

ಅವನು ಬರುವವರೆಗೆ ನಾನು ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಇದ್ದೆ. ಸಂಜೆ ಬಂದವನು ಬಾವಿಯ ಹತ್ತಿರ ನಿಂತು ತಲೆಗೆ ನೀರು ಹೊಯ್ದುಕೊಂಡ. ನಾನು ಒಣಬಟ್ಟೆ ಚಾಚಿದೆ. ಅವನು ತಲೆ ಒರಸಿಕೊಳ್ಳುತ್ತಾ ಹೇಳಿದ, "ಹೆಣ ಹೊರ್ಲಿಕ್ಕೆ ಒಬ್ಬ ಜನ ಕಡಿಮೆ ಇತ್ತಮ್ಮಾ. ನಾನು ಹೋದದ್ದು ಒಳ್ಳೇದಾಯ್ತು."