ಅಕ್ಕನ ಕೊಳಲಿನ ಶ್ರುತಿ
ಆಯುಷ್ಯವಿಡೀ ಬಸ್ಸು ಓಡಿಸಿದ ಡ್ರೈವರು ನಿವೃತ್ತನಾದ ಮೇಲೆ ಡಿಜಿಟಲ್ ಪಿಯಾನೊ ಕಲಿತದ್ದು ಅಕ್ಕನ ಜೊತೆ ನುಡಿಸುವ ಆಸೆಯಿಂದ. ಆದರೆ ಅಕ್ಕನ ಹಳೆಯ ಕೊಳಲಿಗೂ ಪಿಯಾನೊಗೂ ಎಣ್ಣೆ ಸೀಗೆಕಾಯಿ ಸಂಬಂಧ. ಶ್ರುತಿ ಕೂದಲೆಳೆಯಷ್ಟು ತಪ್ಪುತ್ತಿತ್ತು.

“ಹೊಸ ಕೊಳಲು ತಗೋತೀನಿ ಬಿಡೋ,” ಎಂದಳು ಅಕ್ಕ.

“ಬೇಡ. ನಿನ್ನ ಉಸಿರು ಪಳಗಿರೋದು ಇದಕ್ಕೆ. ನನ್ನ ಪಿಯಾನೊನೇ ಬಗ್ಗಲಿ. ನೀನು ಊದ್ತಾ ಇರು.”

ಅವನು ಶ್ರುತಿಯ ಗುಂಡಿ ಒತ್ತುತ್ತ ಸ್ವರವನ್ನು ಚೂರುಚೂರೇ ಇಳಿಸಿದ. ಹೆಚ್ಚು ಇಳಿಯಿತು, ಮತ್ತೆ ಏರಿಸಿದ. ಅಕ್ಕ ಸುಸ್ತಾಗಿ ನೀರು ಕುಡಿದು ಬಂದರೂ ಅವನು ಪಟ್ಟು ಬಿಡಲಿಲ್ಲ. ಕೊನೆಗೊಮ್ಮೆ ಎರಡು ಸ್ವರಗಳ ನಡುವಿನ ನಡುಕ ನಿಂತು ಒಂದೇ ದನಿಯಾಯಿತು.

ಅಕ್ಕ ಹಾಡನ್ನೇ ಎತ್ತಿಕೊಂಡಳು. ಅವನು ಕೇಳುತ್ತ ಕೂತುಬಿಟ್ಟ. ಅವಳು ಕೊಳಲನ್ನು ತುಟಿಯಿಂದ ಸರಿಸಿದಳು.

“ಯಾಕೋ, ಕೈಗೇನಾಯ್ತು? ನುಡಿಸು.”