ಖಾಲಿ ಡಬ್ಬ ವಾಪಸ್ ಕೊಡಬಾರದು

ಘಾಜಿಯಾಬಾದಿನ ನಮ್ಮ ಸೊಸೈಟಿಯ ಹಿಂದೆ, ಕಾಂಪೌಂಡಿಗೆ ಅಂಟಿಕೊಂಡು ಒಂದು ತುಂಡು ಜಾಗವಿದೆ. ಬಿಲ್ಡರ್ ಬಿಟ್ಟುಹೋದ ಇಟ್ಟಿಗೆ ಚೂರು, ಒಡೆದ ಕಮೋಡು ಬಿದ್ದಿದ್ದ ಜಾಗ. ನಾವು ಕೆಲವು ಮನೆಯವರು ಸೇರಿ ಅದನ್ನೆಲ್ಲ ಎತ್ತಿಸಿ, ಮಣ್ಣು ಹಾಕಿಸಿ, ಮನೆಗೊಂದು ಪಾತಿ ಮಾಡಿಕೊಂಡೆವು. ಚಳಿಗಾಲದಲ್ಲಿ ಮೆಂತ್ಯ, ಪಾಲಕ್, ಮೂಲಂಗಿ ಎದ್ದು ಬಂದಾಗ ನಮ್ಮ ಜಂಬ ನೋಡಬೇಕಿತ್ತು! ಮೆಟ್ರೋದಲ್ಲಿ ನುಗ್ಗಿ ಆಫೀಸಿಗೆ ಹೋಗಿ ಬಂದು ಹಿಂಡಿದ ಬಟ್ಟೆಯಂತಾಗುತ್ತಿದ್ದ ನನಗೆ ಸೊಪ್ಪಿಗಿಂತ ಮಾತೇ ದೊಡ್ಡ ಲಾಭ. ಲಿಫ್ಟಿನಲ್ಲಿ ಫೋನ್ ನೋಡುತ್ತ ನಿಲ್ಲುತ್ತಿದ್ದ ಜನ ಅಲ್ಲಿ ನಿಂತು ಹರಟುತ್ತಿದ್ದರು.

ಮೇ ಬಂತು. ಶಾಲೆಗೆ ರಜೆ, ಹೆಚ್ಚಿನವರೆಲ್ಲ ಊರಿಗೆ ಗಂಟುಮೂಟೆ ಕಟ್ಟಿದೆವು. ನಾವು ಮೈಸೂರಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಬಿಸಿಗಾಳಿ ತೋಟವನ್ನು ಹಪ್ಪಳ ಮಾಡಿತ್ತು. "ಅಮ್ಮಾ, ಸಬ್ ಖತಮ್," ಎಂದಳು ಮಗಳು. ನಿಜವಾಗಿಯೂ ಎಲ್ಲ ಮುಗಿದಿತ್ತು.

ಸೊಸೈಟಿಯ ಸೆಕ್ರೆಟರಿ ಅಂಕಲ್ ಇದನ್ನೇ ಕಾಯುತ್ತಿದ್ದರು. ನಿವೃತ್ತ ಬ್ಯಾಂಕ್ ಮ್ಯಾನೇಜರ್. ಬೆಳಗಾದರೆ ಕಾರಿನ ಬೆಳ್ಳಿ ಬಣ್ಣದ ಕವರ್ ತೆಗೆದು, ಕಾರು ಒರೆಸಿ, ಎಲ್ಲಿಗೂ ಹೋಗದೆ ಮತ್ತೆ ಕವರ್ ಹೊದಿಸುವವರು. "ಮುಂದಿನ ಬೇಸಿಗೆಯಲ್ಲೂ ಹೀಗೇ ಒಣಗಿದರೆ ಅಲ್ಲಿ ಪಾರ್ಕಿಂಗ್," ಎಂದು ಮೀಟಿಂಗಿನಲ್ಲಿ ಹೇಳಿಯೇಬಿಟ್ಟರು. ಮೈಯೆಲ್ಲ ಉರಿದುಹೋಯಿತು. ಆದರೆ ಒಣಗಿದ ಪಾತಿಗಳನ್ನು ಇಟ್ಟುಕೊಂಡು ಏನು ವಾದ ಮಾಡುವುದು?

ದಾರಿ ತೋರಿಸಿದ್ದು ಒಂದು ಸ್ಟೀಲ್ ಡಬ್ಬ. ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ನಮ್ಮ ಅಮ್ಮ ಎಂದೂ ಬರಿದಾಗಿ ಕಳಿಸಿದವರಲ್ಲ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಿದ್ದರು. ಮೂರನೇ ಮಹಡಿಯ ಪಂಜಾಬಿ ಆಂಟಿಯ ಮನೆಯಲ್ಲೂ ಅದೇ ಪದ್ಧತಿ. ಹಾಗಾಗಿ ನನ್ನ ಬಿಸಿಬೇಳೆಬಾತು, ಅವರ ರಾಜ್ಮಾ ವರ್ಷಗಳಿಂದ ಮೇಲೆ ಕೆಳಗೆ ಓಡಾಡುತ್ತಿದ್ದವು. ಒಂದು ಸಂಜೆ ಅವರ ಡಬ್ಬ ಹಿಡಿದು ಮೆಟ್ಟಿಲು ಹತ್ತುವಾಗ ಹೊಳೆಯಿತು: ಪಾತಿಯನ್ನೂ ಹೀಗೇ ಕೊಟ್ಟು ಹೋದರೆ?

ಊರಿಗೆ ಹೋಗುವವರು ತಮ್ಮ ಪಾತಿಯಲ್ಲಿ ಬೆಳೆದದ್ದರಲ್ಲಿ ಏನಾದರೂ ಮಾಡಿ, ಡಬ್ಬದಲ್ಲಿ ತುಂಬಿ, ಊರಿಗೆ ಹೋಗದೆ ಇಲ್ಲೇ ಇರುವವರ ಮನೆಗೆ ಕೊಡಬೇಕು. ಡಬ್ಬ ತೆಗೆದುಕೊಂಡವರು ಪಾತಿ ನೋಡಿಕೊಳ್ಳಬೇಕು. ತಮ್ಮ ಗಿಡ ಒಣಗಿದರೆ ಕೇಳುವವರಿಲ್ಲ. ಆದರೆ ಇನ್ನೊಬ್ಬರ ಅಡುಗೆ ಉಂಡು ಅವರ ಗಿಡ ಒಣಗಿಸಲು ಎಂಥ ಭಂಡರಿಗೂ ಮನಸ್ಸು ಬಾರದು. ಇದನ್ನು ಕೇಳಿ ಆಂಟಿ "ಅಚ್ಛಾ ಹೈ!" ಎಂದು ನಕ್ಕು ಮನೆಮನೆಗೂ ಹೇಳಿ ಬಂದರು.

ಮುಂದಿನ ಮೇ ಹೊತ್ತಿಗೆ ಎಲ್ಲ ಪಾತಿಗೂ ಜನ ಸಿಕ್ಕರು, ನನ್ನ ಪಾತಿಯೊಂದು ಉಳಿಯಿತು. ಇರುವವರ ಕೈಯೆಲ್ಲ ತುಂಬಿಹೋಗಿತ್ತು. ಸಿಟ್ಟಿನಲ್ಲೇ ಬಸಳೆ ಹುಳಿ ಮಾಡಿ ಸೀದಾ ಸೆಕ್ರೆಟರಿಯವರ ಬಾಗಿಲು ತಟ್ಟಿದೆ.

"ಅಂಕಲ್, ನಮ್ಮ ಬಸಳೆ. ನಾವು ಊರಿಗೆ ಹೊರಟಿದ್ದೀವಿ, ಪಾತಿ ನೀವು ನೋಡಿಕೊಳ್ಳಬೇಕು," ಎಂದೆ ನನ್ನ ಹರಕು ಹಿಂದಿಯಲ್ಲಿ.

ಅವರು ಬಾಯಿ ತೆರೆಯುವ ಮೊದಲೇ ಅವರ ಹೆಂಡತಿ ಡಬ್ಬ ಇಸಿದುಕೊಂಡು ಒಳಗೆ ಹೋದರು. ಇನ್ನು ಬೇಡ ಎನ್ನುವುದಾದರೂ ಹೇಗೆ?

ಮೈಸೂರಿನಲ್ಲಿ ಗಂಡ ಕಾಡಿಸಿದ್ದೇ ಕಾಡಿಸಿದ್ದು. "ಭಲೇ ಜಾಣೆ ಕಣೆ ನೀನು! ಪಾರ್ಕಿಂಗ್ ಬೇಕು ಅನ್ನೋರ ಕೈಗೇ ಪಾತಿ ಕೊಟ್ಟು ಬಂದಿದೀಯ." ನಾನೂ ನಕ್ಕೆ, ಆದರೆ ಒಳಗೊಳಗೇ ಹೆದರಿಕೆ ಇತ್ತು. ನನ್ನ ಪಾತಿಯೊಂದು ಒಣಗಿದರೂ ಸಾಕು, ಅವರಿಗೆ ನೆಪ ಸಿಗುತ್ತಿತ್ತು.

ವಾಪಸ್ ಬಂದ ದಿನ ಸೂಟ್‌ಕೇಸನ್ನು ಗೇಟಿನಲ್ಲೇ ಬಿಟ್ಟು ಹಿಂದಕ್ಕೆ ಓಡಿದೆ. ಮೂಲೆಯ ಒಂದೆರಡು ಪಾತಿ ಸೊರಗಿದ್ದವು, ಉಳಿದವು ಹಸಿರಾಗಿದ್ದವು. ನನ್ನ ಪಾತಿಯ ನಾಲ್ಕು ಮೂಲೆಗೂ ಬಿದಿರು ಕೋಲು ನೆಟ್ಟು, ಮೇಲೆ ಬಿಸಿಲಿಗೆ ಅಡ್ಡವಾಗಿ ಏನೋ ಬಿಗಿದು ಕಟ್ಟಿದ್ದರು. ಬೆಳ್ಳಿ ಬಣ್ಣದ ಕಾರಿನ ಕವರ್! ಅದರ ನೆರಳಿನಲ್ಲಿ ಬಸಳೆ ಕೋಲು ಹಿಡಿದು ಮೇಲೇರಿತ್ತು.

ಅಂಕಲ್ ಪೈಪ್ ಎಳೆದುಕೊಂಡು ಬಂದರು.

"ಅಂಕಲ್, ಪಾರ್ಕಿಂಗ್..." ಎಂದೆ.

"ಪಕ್ಕಕ್ಕೆ ಸರಿ ಬೇಟಿ, ನೀರು ಹಾಕಬೇಕು," ಎಂದರು.

ಅವರ ಹಿಂದೆ, ಕವರಿಲ್ಲದೆ ಧೂಳು ಮೆತ್ತಿದ ಅವರ ಕಾರಿನ ಗಾಜಿನ ಮೇಲೆ ಯಾವುದೋ ಮಗು ಬೆರಳಿನಿಂದ ಒಂದು ಎಲೆ ಬರೆದಿತ್ತು.