ಯಾವತ್ತಿನ ಮಜ್ಜಿಗೆ?

ಹಳೇಬೀಡಿನಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಡೇರಿಯ ಲ್ಯಾಬಿನಲ್ಲಿ ಹಾಲು ಪರೀಕ್ಷಿಸುತ್ತಿದ್ದರು. ಯಾರು ಮಜ್ಜಿಗೆ ಕೊಟ್ಟರೂ ಲೋಟವನ್ನು ಬೆಳಕಿಗೆ ಹಿಡಿದು, "ಯಾವತ್ತಿಂದು?" ಎನ್ನುತ್ತಿದ್ದರು.

ಒಮ್ಮೆ ಹುಲಿಕೆರೆಯಿಂದ ಬಂದ ಅವರ ಅತ್ತೆ, ಕಾಯಿಸದ ಹಾಲಿಗೆ ಹೆಪ್ಪು ಹಾಕಿ ಮಾಡಿದ್ದ ನಾಲ್ಕು ದಿನದ ಮಜ್ಜಿಗೆಯನ್ನು ಮುಂದಿಟ್ಟರು. ಇವರು ಮುಟ್ಟಲಿಲ್ಲ.

"ಇಷ್ಟು ಹುಳಿ, ಇಷ್ಟು ಉಪ್ಪು ಐತೆ. ಯಾವ ಕ್ರಿಮಿ ಬದುಕ್ತದೆ?" ಎಂದರು ಅತ್ತೆ.

"ಹುಳಿ ಒಂದೇ ಸಲ ಏರಿದ್ರೆ ಸಾಯ್ತವೆ ಅತ್ತೆ. ನಿಧಾನಕ್ಕೆ ಏರಿದ್ರೆ ಒಗ್ಗಿಕೊಂಡು ಗಟ್ಟಿಯಾಗ್ತವೆ. ಆಮೇಲೆ ಉಪ್ಪಿಗೂ ಜಗ್ಗಲ್ಲ."

ಅತ್ತೆ ಹಠಕ್ಕೆ ಎರಡು ಲೋಟ ಕುಡಿದರು.

ಮರುದಿನ ಇವರು ಕಕ್ಕಸಿನ ಬಾಗಿಲ ಮುಂದೆ ಸಕ್ಕರೆ ಉಪ್ಪಿನ ನೀರು ಹಿಡಿದು ನಿಂತಿದ್ದರು.

"ಯಾರಿಗೂ ಹೇಳ್ಬೇಡಿ ಅಳಿಯಂದ್ರೇ," ಎಂದು ಒಳಗಿನಿಂದ ಸಣ್ಣ ದನಿ ಬಂತು.

ಇವರು ಹೇಳಲಿಲ್ಲ. ವಾರ ಕಳೆದ ಮೇಲೆ ಬೀದಿಗೆಲ್ಲ ಹೇಳಿದವರು ಅತ್ತೆಯೇ: "ನಮ್ಮ ಅಳಿಯಂದ್ರ ಮಾತು ಒಂದೂ ಸುಳ್ಳಾಗಲ್ಲ ಕಣ್ರೀ!"